‘ಅದು ಬಂತು’ ಎನ್ನಲೋ, ‘ಅವ ಬಂದ’ ಎನ್ನಲೋ?

ಓದುಗರ ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ಹವ್ಯಕ ಮನೆ. ನಾನು ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಭಾಷಾ ಅಧ್ಯಾಪಕಿ. ಅಕ್ಕನ ಮಗಳಿಗೆ 19 ವರ್ಷ, ಮಂಗಳೂರಿನಲ್ಲಿ ಡಿಗ್ರಿ ಓದುತ್ತಿದ್ದಾಳೆ. ಈ ಸಲ ವಿಷುವಿಗೆ ಬಂದವಳು ‘ನಾನು ಹುಡುಗಿಯಲ್ಲ, ಹುಡುಗ’ ಎಂದು ಹೇಳಿ, ಇನ್ನು ಹೀಗೆ ಕರೆಯಿರಿ ಎಂದು ಹೊಸ ಹೆಸರನ್ನೂ ಹೇಳಿದಳು. ಅಕ್ಕ, ಭಾವ ಬೈದಿಲ್ಲ. ಆದರೆ ಮನೆಯಲ್ಲಿ ಯಾರಿಗೂ ಬಾಯಿ ತೆರೆಯಲು ಧೈರ್ಯವಿಲ್ಲ. ಸಂಬಂಧಿಕರೊಬ್ಬರು ಮಂಗಳಮುಖಿ ಎಂದರು, ಇನ್ನೊಬ್ಬರು ಸಲಿಂಗಕಾಮ ಎಂದರು, ಶಾಲೆಗೆ ಬರುವ ಮಲಯಾಳ ಸುತ್ತೋಲೆಗಳಲ್ಲಿ ಟ್ರಾನ್ಸ್‌ಜೆಂಡರ್ ಎಂದಿರುತ್ತದೆ. ಇವೆಲ್ಲ ಒಂದೆಯೇ? ಇದು ಮೊಬೈಲಿನಿಂದ ಬಂದದ್ದೇ? ಜ್ಯೋತಿಷಿಗಳಲ್ಲಿ ಪ್ರಶ್ನೆ ಇಡಿಸಿದರೆ, ಡಾಕ್ಟರಿಗೆ ತೋರಿಸಿದರೆ ಸರಿಹೋದೀತೇ? ನನ್ನ ಅಮ್ಮ ಅಭ್ಯಾಸಬಲದಿಂದ ‘ಅದು ಊಟಕ್ಕೆ ಬಂತಾ?’ ಎಂದರೆ ಅವಳು ಎಲೆ ಬಿಟ್ಟು ಏಳುತ್ತಾಳೆ. ಎದೆಗೆ ಬಿಗಿಯಾಗಿ ಬ್ಯಾಂಡೇಜು ಸುತ್ತಿಕೊಳ್ಳುತ್ತಿದ್ದಾಳೆ ಎಂದು ಅಕ್ಕ ಹೇಳಿದಳು. ಅಣ್ಣನ ಗೃಹಪ್ರವೇಶ ಹತ್ತಿರ ಬಂತು, ಆಮಂತ್ರಣದಲ್ಲಿ ಯಾವ ಹೆಸರು ಹಾಕಿಸುವುದು? ಇನ್ನೊಂದು ವಿಷಯ. ನನ್ನ ಎಂಟನೇ ತರಗತಿಯಲ್ಲಿ ಮೆದು ಸ್ವಭಾವದ ಹುಡುಗನೊಬ್ಬನನ್ನು ಉಳಿದವರು ‘ಒಂಬತ್ತು’ ಎಂದು ಕಾಡುತ್ತಾರೆ. ಅಲ್ಲಿ ನಾನೇನು ಹೇಳಲಿ?

ಉತ್ತರ: ನೀವು ಕೇಳಿದ ಪ್ರಶ್ನೆಗಳು ಹಲವು, ಅವುಗಳ ಬುಡದಲ್ಲಿರುವ ಹೆದರಿಕೆ ಎರಡೇ. ತಪ್ಪು ಪದ ಬಾಯಿಗೆ ಬಂದು ಮಗು ಮನೆಯಿಂದ ದೂರವಾದೀತೇ ಎಂಬುದು ಒಂದು. ಅವನು ಹೇಳಿದ ಪದವನ್ನೇ ಹೇಳಿಬಿಟ್ಟರೆ ಹಿಂದೆ ಬರಲಾಗದ ದಾರಿಗೆ ನಾವೇ ತಳ್ಳಿದ ಹಾಗಾದೀತೇ ಎಂಬುದು ಇನ್ನೊಂದು. ಎರಡಕ್ಕೂ ಉತ್ತರವಿದೆ.

‘ಅವನು’ ಎಂದು ಬರೆದದ್ದನ್ನು ಗಮನಿಸಿರಬಹುದು. ತನ್ನನ್ನು ಏನೆಂದು ಕರೆಯಬೇಕು ಎಂದು 19 ವರ್ಷದ ವ್ಯಕ್ತಿ ಬಾಯಿಬಿಟ್ಟು ಹೇಳಿದ ಮೇಲೆ ಹಾಗೆಯೇ ಬರೆಯುವುದು ನನಗೆ ಸರಿ ಕಾಣುತ್ತದೆ. ಹೀಗೆ ಬರೆಯಲು ಯಾವ ರೋಗನಿರ್ಣಯವೂ ಬೇಕಿಲ್ಲ, ಸರ್ಟಿಫಿಕೇಟೂ ಬೇಕಿಲ್ಲ.

ಮೊದಲು ಪದಗಳ ಗೊಂದಲ. ನಮ್ಮ ‘ಲಿಂಗ’ ಎಂಬ ಒಂದೇ ಪದದ ಮೇಲೆ ಹೊರೆ ಬಹಳ. ದೇಹದ ಲಕ್ಷಣಕ್ಕೂ ಅದೇ, ವ್ಯಾಕರಣಕ್ಕೂ ಅದೇ, ಗಂಡು ಹೆಣ್ಣೆಂಬ ಸಾಮಾಜಿಕ ಸ್ಥಾನಕ್ಕೂ ಅದೇ. ಅದರಿಂದ ಹುಟ್ಟಿದ ‘ಲೈಂಗಿಕ’ ಎಂಬ ಪದ ಕೇಳಿದ ಕೂಡಲೇ ಮನಸ್ಸು ಹಾಸಿಗೆಯ ಕಡೆಗೆ ಓಡುತ್ತದೆ. ಹಾಗಾಗಿ ಮಗು ‘ನಾನು ಹುಡುಗ’ ಎಂದರೆ ಮನೆಯವರ ಕಿವಿಗೆ ಅದು ‘ನನಗೆ ಹುಡುಗಿಯರ ಮೇಲೆ ಆಸೆ’ ಎಂದು ಕೇಳಿಸುತ್ತದೆ. ಅವನು ಅದನ್ನು ಹೇಳಲೇ ಇಲ್ಲ.

ನಾಲ್ಕು ಸಂಗತಿಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳಿ. ಹುಟ್ಟಿದಾಗ ದೇಹ ನೋಡಿ ಆಸ್ಪತ್ರೆಯಲ್ಲಿ ಬರೆದದ್ದು ಲಿಂಗ. ತಾನು ಗಂಡು, ಹೆಣ್ಣು, ಅಥವಾ ಎರಡೂ ಅಲ್ಲ ಎಂಬ ಒಳಗಿನ ಅರಿವು ಲಿಂಗತ್ವ. ಯಾರ ಕಡೆಗೆ ಮನಸ್ಸು ಹರಿಯುತ್ತದೆ ಎಂಬುದು ಲೈಂಗಿಕ ಒಲವು. ಉಡುಗೆ, ನಡಿಗೆ, ಮಾತಿನ ಧಾಟಿ ಇವೆಲ್ಲ ಅಭಿವ್ಯಕ್ತಿ. ಒಂದನ್ನು ನೋಡಿ ಇನ್ನೊಂದನ್ನು ಊಹಿಸಲು ಬರುವುದಿಲ್ಲ. ಕುಂಬಳೆ ಸೀಮೆಯವರಿಗೆ ಇದನ್ನು ವಿವರಿಸುವುದು ಸುಲಭ. ತೆಂಕುತಿಟ್ಟಿನ ಯಕ್ಷಗಾನ ಆಟದಲ್ಲಿ ಇಡೀ ರಾತ್ರಿ ಸ್ತ್ರೀವೇಷ ಮಾಡಿದವರು ಬೆಳಗ್ಗೆ ಬಣ್ಣ ತೆಗೆದು ಪಂಚೆ ಉಟ್ಟು ಮನೆಗೆ ಹೋಗುತ್ತಾರೆ. ಅದು ವೇಷ, ಕಲೆ. ಹುಟ್ಟಿದಾಗ ಬರೆದ ಲಿಂಗಕ್ಕೂ ಒಳಗಿನ ಲಿಂಗತ್ವಕ್ಕೂ ಹೊಂದದ ಟ್ರಾನ್ಸ್‌ಜೆಂಡರ್ ವ್ಯಕ್ತಿಯದು ವೇಷವಲ್ಲ. ಅವರ ಪಾಲಿಗೆ ಇಷ್ಟು ವರ್ಷ ಹಾಕಿದ್ದೇ ವೇಷ.

ವೈದ್ಯಶಾಸ್ತ್ರವೂ ಕಾನೂನೂ ಲಿಂಗತ್ವವನ್ನೂ ಲೈಂಗಿಕ ಒಲವನ್ನೂ ಒಟ್ಟಿಗೆ ಕಟ್ಟಿಲ್ಲ. ಸಲಿಂಗ ಒಲವನ್ನು ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಿಂದ ತೆಗೆದುಹಾಕುವ ನಿರ್ಧಾರ ಆದದ್ದು 1990ರ ಮೇ 17ರಂದು. ಹುಟ್ಟಿನ ಲಿಂಗಕ್ಕೂ ಒಳಗಿನ ಲಿಂಗತ್ವಕ್ಕೂ ಹೊಂದದಿರುವ ಸ್ಥಿತಿ ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ಹೊರಬಂದದ್ದು ಆ ಪಟ್ಟಿಯ ಹನ್ನೊಂದನೇ ಪರಿಷ್ಕರಣೆಯಲ್ಲಿ. ಅದಕ್ಕೆ 2019ರಲ್ಲಿ ಒಪ್ಪಿಗೆ ಸಿಕ್ಕಿತು, 2022ರ ಜನವರಿ 1ರಿಂದ ಜಾರಿಗೆ ಬಂತು. ನಮ್ಮ ಸುಪ್ರೀಂ ಕೋರ್ಟಿನಲ್ಲಿಯೂ ತೀರ್ಪು ಎರಡು. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಗುರುತಿನ ತೀರ್ಪು 2014ರ ಏಪ್ರಿಲ್ 15ರದ್ದು. ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು ಭಾರತೀಯ ದಂಡ ಸಂಹಿತೆಯ 377ನೇ ಸೆಕ್ಷನ್ನಿನಿಂದ ಹೊರಗಿಟ್ಟ ತೀರ್ಪು 2018ರ ಸೆಪ್ಟೆಂಬರ್ 6ರದ್ದು. ಎರಡನ್ನೂ ಒಂದೇ ಎನ್ನುವ ಸಂಬಂಧಿಕರಿಗೆ ಈ ತಾರೀಕುಗಳನ್ನು ಹೇಳಿದರೆ ಸಾಕು, ಬೇರೆ ವಾದ ಬೇಡ.

ಈಗ ನೀವು ಕೇಳಿದ ಪದಗಳು. ‘ಮಂಗಳಮುಖಿ’ ಎನ್ನುವುದು ಹಿಜ್ರಾ ಪರಂಪರೆಯಲ್ಲಿ, ಗುರು-ಚೇಲಾ ಸಂಬಂಧದ ಕುಟುಂಬಗಳಲ್ಲಿ ಬದುಕುವ ಟ್ರಾನ್ಸ್ ಮಹಿಳೆಯರಿಗೆ (ಗಂಡೆಂದು ಬರೆಸಲ್ಪಟ್ಟು ಹೆಣ್ಣಾಗಿ ಬದುಕುವವರಿಗೆ) ಕನ್ನಡದಲ್ಲಿ ಬಳಕೆಗೆ ಬಂದ ಪದ. ಅವರಲ್ಲಿ ಹಲವರು ಅದನ್ನು ಇಷ್ಟಪಟ್ಟು ಹೇಳಿಕೊಳ್ಳುತ್ತಾರೆ, ಕೆಲವರು ಬೇಡ ಎನ್ನುತ್ತಾರೆ. ನಿಮ್ಮ ಅಕ್ಕನ ಮಗನಿಗಂತೂ ಅದು ಸಲ್ಲುವುದೇ ಇಲ್ಲ. ಅವನು ಹೆಣ್ಣೆಂದು ಬರೆಸಲ್ಪಟ್ಟು ಗಂಡಾಗಿ ಬದುಕಲು ಹೊರಟವನು, ಟ್ರಾನ್ಸ್ ಪುರುಷ. ಮಂಗಳಮುಖಿ ಎಂದರೆ ಅವನನ್ನು ಮತ್ತೆ ಹೆಣ್ಣಿನ ಕಡೆಗೇ ಎಳೆದ ಹಾಗೆ. ‘ಜೋಗಪ್ಪ’ ಎಂಬುದೂ ಎಲ್ಲರಿಗೂ ಅನ್ವಯಿಸುವ ಪದವಲ್ಲ. ಸವದತ್ತಿ ಎಲ್ಲಮ್ಮನ ಸೇವೆಗೆ ಮುತ್ತು ಕಟ್ಟಿಸಿಕೊಂಡ ಟ್ರಾನ್ಸ್ ಮಹಿಳೆಯರಿಗೆ ಉತ್ತರ ಕರ್ನಾಟಕದಲ್ಲಿ, ಮಹಾರಾಷ್ಟ್ರದ ಗಡಿಯ ಊರುಗಳಲ್ಲಿ ಇರುವ ಹೆಸರು ಅದು. 2021ರಲ್ಲಿ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿಯವರು ಬಂದದ್ದು ಆ ಪರಂಪರೆಯಿಂದ. ಅಲ್ಲಿ ಆ ಪದಕ್ಕೆ ದೇವಿಯ ನಂಟಿದೆ, ಇಲ್ಲಿ ಬದಿಯಡ್ಕದ ಹುಡುಗನಿಗೆ ಅದನ್ನು ಅಂಟಿಸಿದರೆ ಅರ್ಥವಿಲ್ಲ.

‘ತೃತೀಯ ಲಿಂಗಿ’ ಎಂಬುದು ಪತ್ರಿಕೆಗಳಲ್ಲಿ, ಸರಕಾರಿ ಅರ್ಜಿಗಳಲ್ಲಿ ಓಡಾಡುತ್ತದೆ. ತಪ್ಪು ಪದ ಎನ್ನಲಾರೆ, 2014ರ ತೀರ್ಪಿನಲ್ಲಿಯೇ ಮೂರನೇ ಲಿಂಗತ್ವದ ಮಾತಿದೆ. ಆದರೆ ‘ನಾವು ಮೂರನೆಯವರಾದರೆ ಮೊದಲನೆಯವರು ಯಾರು?’ ಎಂದು ಕೇಳುವವರಿದ್ದಾರೆ, ಆ ಪ್ರಶ್ನೆ ನ್ಯಾಯವಾದದ್ದು. ‘ನಾನು ಗಂಡಸು’ ಎನ್ನುವ ಟ್ರಾನ್ಸ್ ಪುರುಷನಿಗೆ ಅದು ಹೊಂದುವುದೂ ಇಲ್ಲ. ಕೇರಳ 2015ರಲ್ಲಿ ದೇಶದಲ್ಲೇ ಮೊದಲಾಗಿ ಟ್ರಾನ್ಸ್‌ಜೆಂಡರ್ ನೀತಿ ತಂದ ರಾಜ್ಯ. ಇಲ್ಲಿನ ಕಡತಗಳಲ್ಲಿ ಟ್ರಾನ್ಸ್‌ಜೆಂಡರ್ ಎಂಬ ಪದವೇ ನೆಲೆನಿಂತಿದೆ, ನಿಮ್ಮ ಸುತ್ತೋಲೆಯಲ್ಲಿ ಕಾಣುವುದು ಅದೇ. ತಮಿಳಿನಲ್ಲಿ ಗೌರವದ ‘ತಿರು’ ಸೇರಿಸಿ ಟ್ರಾನ್ಸ್ ಮಹಿಳೆಗೆ ‘ತಿರುನಂಗೈ’, ಟ್ರಾನ್ಸ್ ಪುರುಷನಿಗೆ ‘ತಿರುನಂಬಿ’ ಎಂಬ ಚೆಂದದ ಜೋಡಿ ಪದಗಳಿವೆ. ಹೊಸೂರು, ತಾಳವಾಡಿ ಕಡೆಯ ಕನ್ನಡಿಗರು ಅವನ್ನು ಕೇಳಿಯೇ ಇರುತ್ತಾರೆ. ಮದ್ರಾಸ್ ಹೈಕೋರ್ಟಿನ ಸೂಚನೆಯ ಮೇರೆಗೆ ತಮಿಳುನಾಡು ಸರಕಾರ 2022ರಲ್ಲಿ ಇಂಥ ಪದಗಳ ಪಟ್ಟಿಯನ್ನೇ ಗೆಜೆಟಿನಲ್ಲಿ ಪ್ರಕಟಿಸಿತು. ಕನ್ನಡದಲ್ಲಿ ಸದ್ಯಕ್ಕೆ ಟ್ರಾನ್ಸ್ ಮಹಿಳೆ, ಟ್ರಾನ್ಸ್ ಪುರುಷ ಎಂಬುವೇ ಸ್ಪಷ್ಟ. ಒಟ್ಟಾಗಿ ಹೇಳುವಾಗ ಲಿಂಗತ್ವ ಅಲ್ಪಸಂಖ್ಯಾತರು ಎಂಬುದು ಸಭ್ಯ ಪದ, ಆದರೆ ಮನೆಯೊಳಗೆ ಅದನ್ನು ಯಾರೂ ಆಡಲಾರರು.

‘ಸಲಿಂಗಕಾಮಿ’ ಎಂಬ ಪದದ ದೋಷ ಅದರ ಬಾಲದಲ್ಲಿದೆ. ಗಂಡ ಹೆಂಡತಿಯನ್ನು ನಾವು ‘ಕಾಮಿಗಳು’ ಎಂದು ಪರಿಚಯಿಸುವುದಿಲ್ಲ. ಒಂದೇ ಲಿಂಗದ ಇಬ್ಬರಾದ ಕೂಡಲೇ ಪ್ರೀತಿ, ಸಂಗಾತ, ಸಂಸಾರ ಎಲ್ಲ ಬಿಟ್ಟು ಕಾಮ ಒಂದೇ ಏಕೆ ಉಳಿಯಬೇಕು? ಸಲಿಂಗಪ್ರೇಮಿ, ಸಮಲಿಂಗಿ, ಅಥವಾ ಅವರೇ ಹೇಳಿಕೊಳ್ಳುವಂತೆ ಗೇ, ಲೆಸ್ಬಿಯನ್ ಎನ್ನಬಹುದು. ಇಬ್ಬರ ಕಡೆಗೂ ಒಲವಿರುವವರನ್ನು ಕೆಲವರು ‘ದ್ವಿಲಿಂಗಿ’ ಎಂದು ಬರೆಯುತ್ತಾರೆ. ಅದು ಜೀವಶಾಸ್ತ್ರದ ಪದ. ದಾಸವಾಳ ದ್ವಿಲಿಂಗಿ ಹೂವು, ಕೇಸರವೂ ಅಂಡಾಶಯವೂ ಒಂದೇ ಹೂವಿನಲ್ಲಿರುತ್ತವೆ. ಅಡಿಕೆಯ ಸಿಂಗಾರದಲ್ಲಿ ಗಂಡು ಹೂವೂ ಹೆಣ್ಣು ಹೂವೂ ಬೇರೆಬೇರೆ, ಎಸಳಿನ ತುದಿಯ ಕಡೆಗೆ ಗಂಡು, ಬುಡದಲ್ಲಿ ಹೆಣ್ಣು. ಹೂವಿನ ದೇಹರಚನೆಯ ಪದವನ್ನು ಮನುಷ್ಯರ ಒಲವಿಗೆ ತಂದರೆ ಓದುವವರು ದೇಹದ ಕಡೆಗೇ ನೋಡುತ್ತಾರೆ. ‘ಬೈಸೆಕ್ಷುವಲ್’ ಎಂದೇ ಬರೆದರೆ ಗೊಂದಲವಿಲ್ಲ. ದೇಹರಚನೆಯಲ್ಲೋ ವರ್ಣತಂತುಗಳಲ್ಲೋ ಗಂಡು-ಹೆಣ್ಣಿನ ಲಕ್ಷಣಗಳು ಹುಟ್ಟಿನಿಂದಲೇ ಬೇರೆ ರೀತಿ ಇರುವವರು ಅಂತರಲಿಂಗಿಗಳು. ಅದು ಬೇರೆಯೇ ವಿಷಯ, ನಿಮ್ಮ ಮನೆಯದ್ದಲ್ಲ.

‘ನಪುಂಸಕ’ ಎಂಬುದನ್ನು ಮಾತ್ರ ಮನುಷ್ಯರಿಗೆ ಬಳಸಲೇಬೇಡಿ. ಭಾಷಾ ಅಧ್ಯಾಪಕಿಯಾದ ನಿಮಗೆ ಕಾರಣ ಹೇಳಬೇಕಾಗಿಲ್ಲ. ಕನ್ನಡದ ವ್ಯಾಕರಣದಲ್ಲಿ ನಪುಂಸಕಲಿಂಗವೆಂದರೆ ಕಲ್ಲು, ಮರ, ನಾಯಿ, ನೀರು. ಆ ಪದ ತಗಲಿದ ಕೂಡಲೇ ಹಿಂದೆಯೇ ‘ಅದು’ ಬರುತ್ತದೆ, ಎದುರಿರುವ ವ್ಯಕ್ತಿ ವಸ್ತುವಾಗುತ್ತಾರೆ.

ನನಗೆ ಮುಖ್ಯವಾಗಿ ಹೇಳಬೇಕಾದದ್ದು ಇಲ್ಲೇ ಇದೆ. ಮನೆಯವರು ನಾಮಪದ ಹುಡುಕುತ್ತಾರೆ, ಸರಿಯಾದ ಒಂದು ಪದ ಸಿಕ್ಕಿದರೆ ಕಷ್ಟ ಮುಗಿಯಿತು ಎಂದುಕೊಳ್ಳುತ್ತಾರೆ. ಮನೆಯೊಳಗೆ ದಿನಕ್ಕೆ ಒಮ್ಮೆಯೂ ಯಾರೂ ‘ಟ್ರಾನ್ಸ್ ಪುರುಷ’ ಎಂದು ಹೇಳಬೇಕಾಗಿ ಬರುವುದಿಲ್ಲ. ನೂರು ಸಲ ಬರುವುದು ಬಂದ, ಹೋದ, ಉಂಡ, ಮಲಗಿದ. ಕನ್ನಡದಲ್ಲಿ ಚುಚ್ಚುವುದೂ ಸಮಾಧಾನ ಕೊಡುವುದೂ ಕ್ರಿಯಾಪದದ ಕೊನೆಯ ಅಕ್ಷರ.

ನಮ್ಮ ಜಿಲ್ಲೆಯ ಭಾಷೆಗಳನ್ನೇ ಹೋಲಿಸಿ ನೋಡಿ. ಮಲಯಾಳದಲ್ಲಿ ಅವನ್ ವನ್ನು, ಅವಳ್ ವನ್ನು, ಅವರ್ ವನ್ನು. ಸರ್ವನಾಮ ಬಿಟ್ಟು ಹೆಸರು ಹೇಳಿದರೆ ಲಿಂಗ ಕಾಣಿಸುವುದೇ ಇಲ್ಲ. ತುಳುವಿನಲ್ಲಿ ಆಯೆ ಬತ್ತೆ, ಆಳ್ ಬತ್ತಳ್, ಆರ್ ಬತ್ತೆರ್. ಕನ್ನಡದಲ್ಲಿಯೂ ತುಳುವಿನ ಹಾಗೆ ಕ್ರಿಯಾಪದವೇ ಲಿಂಗ ಹೇಳಿಬಿಡುತ್ತದೆ. ಆದ್ದರಿಂದ ಮಲಯಾಳದ ಗೆಳೆಯರ ನಡುವೆ ಹಾಯಾಗಿರುವ ಮಗು ಕನ್ನಡದ ಮನೆಗೆ ಬಂದಾಗ ಮುದುಡಿದರೆ ಅದು ಮನೆಯವರ ಮೇಲಿನ ಸಿಟ್ಟೇ ಆಗಬೇಕೆಂದಿಲ್ಲ. ಪ್ರತಿ ವಾಕ್ಯವೂ ತಾಗುತ್ತಿರುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ‘ನಾನು ಬಂದೆ’, ‘ನೀನು ಬಂದೆ’ ಎಂಬಲ್ಲಿ ಕನ್ನಡಕ್ಕೆ ಲಿಂಗ ಬೇಡ. ಮುಖಾಮುಖಿ ಮಾತಿನಲ್ಲಿ ನಮ್ಮ ಭಾಷೆ ಗಂಡು ಹೆಣ್ಣು ಕೇಳುವುದಿಲ್ಲ. ಅದನ್ನು ಕೇಳುವುದು ಮೂರನೆಯವರೊಡನೆ ಆ ವ್ಯಕ್ತಿಯ ಬಗ್ಗೆ ಮಾತಾಡುವಾಗ. ಹಾಗಾಗಿ ನಿಮ್ಮ ನಾಲಿಗೆಯನ್ನು ಪಳಗಿಸಬೇಕಾದದ್ದು ಅವನ ಎದುರಲ್ಲ, ಅವನಿಲ್ಲದಾಗ, ನೀವೂ ಅಕ್ಕನೂ ಅಡುಗೆಮನೆಯಲ್ಲಿ ಕೂತು ಮಾತಾಡುವಾಗ. ಬೆನ್ನ ಹಿಂದೆ ‘ಅವಳು’ ಎನ್ನುತ್ತ ಎದುರಿಗೆ ಮಾತ್ರ ‘ಅವನು’ ಎನ್ನಲು ಹೋದರೆ ನಾಲಿಗೆ ತಪ್ಪುತ್ತದೆ, ಅಡಗಿಸಿಟ್ಟದ್ದು ಹೊರಗೆ ಬೀಳುತ್ತದೆ. ಹಿಂದೆ ಮುಂದೆ ಒಂದೇ ರೂಪ ಹಿಡಿದವರಿಗೆ ಕೆಲವೇ ವಾರಗಳಲ್ಲಿ ಬಾಯಿ ಕೂಡಿಬರುತ್ತದೆ. ಎದುರಿಗೆ ಲಿಂಗ ನುಸುಳುವ ಜಾಗ ಸಂಬೋಧನೆ. ಬಾರೋ-ಬಾರೇ, ಮಾರಾಯ-ಮಾರಾಯ್ತಿ. ‘ಮಾರಾಯ’ ಎಂದು ಒಮ್ಮೆ ಸಹಜವಾಗಿ ಬಾಯಿಗೆ ಬರಲಿ. ಎಷ್ಟೋ ಭಾಷಣ ಮಾಡದ ಕೆಲಸವನ್ನು ಅದು ಮಾಡುತ್ತದೆ.

ಇನ್ನು ನಿಮ್ಮ ಅಮ್ಮ. ಹವ್ಯಕ ಮಾತಿನಲ್ಲಿ ಗಂಡಿಗೆ ‘ಅವ ಬಂದ’, ಹೆಣ್ಣಿಗೆ ‘ಅದು ಬಂತು’, ಹಿರಿಯರಿಗೆ ‘ಅವು ಬಂದವು’. ಅಲ್ಲಿ ‘ಅದು’ ತಿರಸ್ಕಾರವಲ್ಲ, ಅಜ್ಜಿ ಮೊಮ್ಮಗಳನ್ನು ಕರೆಯುವ ಎಂದಿನ ರೀತಿ. ಆದರೆ ಮಂಗಳೂರಿನ ಕಾಲೇಜಿನ ಕನ್ನಡದಲ್ಲಿ ಟ್ರಾನ್ಸ್‌ಜೆಂಡರ್ ವ್ಯಕ್ತಿಯನ್ನು ‘ಅದು’ ಎನ್ನುವುದು ಹೀನಾಯವಾದ ಬೈಗುಳ. ಅವನ ಕಿವಿಗೆ ಅಜ್ಜಿಯ ‘ಅದು’ ಈಗ ಎರಡು ಪೆಟ್ಟು ಕೊಡುತ್ತದೆ: ಒಂದು ‘ನೀನು ಹೆಣ್ಣೇ’ ಎಂದು, ಇನ್ನೊಂದು ‘ನೀನು ಮನುಷ್ಯನೇ ಅಲ್ಲ’ ಎಂದು. ಅಜ್ಜಿಗೆ ಎರಡನೆಯದು ಕನಸಿನಲ್ಲಿಯೂ ಗೊತ್ತಿಲ್ಲ. ಎಲೆ ಬಿಟ್ಟು ಏಳುವುದು ಇದರಿಂದಾಗಿರುವ ಸಂಭವ ಹೆಚ್ಚು. ಇಬ್ಬರಿಗೂ ಬೇರೆಬೇರೆಯಾಗಿ ಹೇಳಿ. ಅವನಿಗೆ: ‘ಅಜ್ಜಿಯ ಅದು ಮನೆಮಾತಿನ ಅದು, ಬೈಗುಳದ್ದಲ್ಲ. ಆದರೂ ಬದಲಿಸಲು ಹೇಳಿದ್ದೇನೆ.’ ಅಮ್ಮನಿಗೆ ಲಿಂಗತ್ವದ ಪಾಠ ಬೇಡ. ಹವ್ಯಕ ಮಾತಿನಲ್ಲಿ ಕೂಸು ಎಂದರೆ ಹುಡುಗಿ, ಮಾಣಿ ಎಂದರೆ ಹುಡುಗ. ‘ಇನ್ನು ಕೂಸು ಅನ್ನುವುದು ಬೇಡ, ಮಾಣಿ ಅನ್ನಿ. ಅವ ಬಂದನಾ ಎಂದು ಕೇಳಿ’ ಎಂದರೆ ಅಷ್ಟೇ ಸಾಕು. ಎಪ್ಪತ್ತು ದಾಟಿದವರು ಕಾರಣ ಪೂರ್ತಿ ಒಪ್ಪುವ ಮೊದಲೇ ಪದ ಬದಲಿಸಿದ್ದುಂಟು. ಮೊಮ್ಮಗು ಎಲೆಯ ಮುಂದೆ ಕೂರಬೇಕು ಎಂಬುದು ಅವರಿಗೆ ಎಲ್ಲಕ್ಕಿಂತ ದೊಡ್ಡದು.

ಬಾಯಿ ಇನ್ನೂ ಹೊರಳದವರಿಗೆ ನಡುದಾರಿಯೂ ಇದೆ. ನಮ್ಮ ಕರಾವಳಿಯ ‘ಉಂಟು’ ಇಲ್ಲಿ ಕೈಹಿಡಿಯುತ್ತದೆ. ಹೆಸರು ಹೇಳಿ ‘ನಾಳೆ ಬರುವುದುಂಟಾ?’, ‘ಊಟ ಆಯ್ತಂತಾ?’, ‘ಹೊರಡ್ಲಿಕ್ಕೆ ಉಂಟಂತೆ’ ಎಂದರೆ ಲಿಂಗ ಬರುವುದಿಲ್ಲ, ಮಾತೂ ಕೃತಕವಾಗುವುದಿಲ್ಲ. ‘ಅವರು’ ಎಂಬ ಗೌರವರೂಪ ಹೊರಗಿನವರಿಗೆ, ಕಚೇರಿಯಲ್ಲಿ, ಬರಹದಲ್ಲಿ ಬಹಳ ಒಳ್ಳೆಯದು. ಗಂಡೂ ಅಲ್ಲ ಹೆಣ್ಣೂ ಅಲ್ಲ ಎನ್ನುವ ನಾನ್‌ಬೈನರಿ ವ್ಯಕ್ತಿಗಳಿಗೆ ಅದು ಹೇಳಿ ಮಾಡಿಸಿದ ಹಾಗಿದೆ. ಆದರೆ 19ರ ಹುಡುಗನಿಗೆ ಚಿಕ್ಕಮ್ಮನೇ ‘ಅವರು ಬಂದರು’ ಎಂದರೆ ಅದು ಗೌರವವಾಗಿ ಕೇಳಿಸದು, ಅಣಕವಾಗಿಯೋ ದೂರ ಇಟ್ಟ ಹಾಗೆಯೋ ಕೇಳಿಸುತ್ತದೆ. ನಡುದಾರಿ ಒಂದೆರಡು ತಿಂಗಳಿಗೆ ಸರಿ. ಅಲ್ಲೇ ಬಿಡಾರ ಹೂಡಿದರೆ, ಇವರು ‘ಅವನು’ ಎನ್ನುವುದನ್ನು ತಪ್ಪಿಸುತ್ತಿದ್ದಾರೆ ಎಂಬುದು ಅವನಿಗೆ ತಿಳಿಯುತ್ತದೆ.

ತಪ್ಪಿದರೆ? ‘ಅವಳು... ಅಲ್ಲ, ಅವನು ಪೇಟೆಗೆ ಹೋದ’ ಎಂದು ಸರಿಮಾಡಿ ಮುಂದೆ ಹೋಗಿ. ‘ಅಯ್ಯೋ ನನ್ನ ಬಾಯಿಗೆ ಬೆಂಕಿ ಬೀಳ’ ಎಂದು ಐದು ನಿಮಿಷ ಹಳಹಳಿಸಿದರೆ ನಿಮ್ಮನ್ನು ಸಮಾಧಾನಪಡಿಸುವ ಕೆಲಸ ಅವನ ತಲೆಗೆ ಬೀಳುತ್ತದೆ. ಹಳೆಯ ದಿನಗಳ ಮಾತು ಬಂದಾಗ ‘ನೀನು ಹುಡುಗಿಯಾಗಿದ್ದಾಗ’ ಎನ್ನುವುದಕ್ಕಿಂತ ‘ನೀನು ಸಣ್ಣವನಿದ್ದಾಗ’ ಎನ್ನಿ. ಚಾವಡಿಯ ಗೋಡೆಯಲ್ಲಿರುವ ಲಂಗ ಹಾಕಿದ ಫೋಟೋ ಇಡುವುದೋ ತೆಗೆಯುವುದೋ ಎಂದು ಅವನನ್ನೇ ಕೇಳಿ, ಊಹಿಸಬೇಡಿ. ಆಪರೇಷನ್ ಬಗ್ಗೆ, ಒಳದೇಹದ ಬಗ್ಗೆ ಅವನಾಗಿ ಹೇಳದೆ ಯಾರೂ ಕೇಳುವುದು ಬೇಡ. ಬೇರೆ ಯಾವ ಹುಡುಗನನ್ನೂ ನೀವು ಹಾಗೆ ಕೇಳುವುದಿಲ್ಲವಲ್ಲ.

ಮೊಬೈಲಿನ ಮಾತು. ಮೊಬೈಲು ಕೊಡುವುದು ಪದವನ್ನು. ಪದ ಸಿಗುವ ಮೊದಲೇ ಒಳಗಿದ್ದ ಸಂಕಟವನ್ನು ಅದು ಹುಟ್ಟಿಸುವುದಿಲ್ಲ. ಹಲವರಿಗೆ ಇದರ ಅರಿವು ಬಾಲ್ಯದಲ್ಲೇ ಇರುತ್ತದೆ, ಇನ್ನು ಕೆಲವರಿಗೆ ಮೈನೆರೆದು ದೇಹ ಬದಲಾಗುವಾಗ ಮುಖಕ್ಕೆ ರಾಚುತ್ತದೆ. ಇದೇ ಕಾರಣ ಎಂದು ಬೆರಳು ತೋರಿಸುವಂಥ ಒಂದು ಕಾರಣ ವಿಜ್ಞಾನಕ್ಕೆ ಸಿಕ್ಕಿಲ್ಲ. ತಾಯಿ ಮುದ್ದು ಮಾಡಿದ್ದು, ತಂದೆ ಗದರಿದ್ದು, ಚಿಕ್ಕಂದಿನಲ್ಲಿ ಚಡ್ಡಿ ಹಾಕಿಸಿದ್ದು ಇವು ಯಾವುವೂ ಕಾರಣವೆಂದು ಕಂಡುಬಂದಿಲ್ಲ. ನಿಮ್ಮ ಅಕ್ಕನಿಗೆ ಇದನ್ನು ಬಿಡಿಸಿ ಹೇಳಿ. ತಾಯಂದಿರು ಕೇಳದೆಯೇ ತಮ್ಮ ಮೇಲೆ ತಪ್ಪು ಹಾಕಿಕೊಳ್ಳುತ್ತಾರೆ.

ಪ್ರಶ್ನೆ ಇಡಿಸುವುದು ಮನೆಯ ನಂಬಿಕೆ. ಹಿರಿಯರಿಗೆ ಸಮಾಧಾನವಾಗುವುದಾದರೆ ನಾನು ಅಡ್ಡ ಬರುವುದಿಲ್ಲ. ಎರಡು ಎಚ್ಚರ ಮಾತ್ರ ಇರಲಿ. ಅವನ ಒಪ್ಪಿಗೆ ಇಲ್ಲದೆ ಹತ್ತು ಜನರೆದುರು ಅವನ ವಿಷಯ ಬಿಚ್ಚುವುದು ಬೇಡ. ದೋಷ ಪರಿಹಾರವೆಂದು ಉಪವಾಸ ಕೆಡಹುವುದು, ಹೊಡೆತ, ಕೂಡಿಹಾಕುವುದು, ಅವಸರದ ಮದುವೆ ಇವುಗಳ ಕಡೆಗೆ ಮಾತು ಹೊರಳಿದರೆ ಅಲ್ಲಿಗೆ ನಿಲ್ಲಿಸಿ. ಮದುವೆ ಮಾಡಿದರೆ ಸರಿಹೋಗುತ್ತದೆ ಎಂಬ ಸಲಹೆ ಇಬ್ಬರ ಬದುಕು ಕೆಡಿಸುತ್ತದೆ.

ಡಾಕ್ಟರ ಹತ್ತಿರ ಹೋಗುವುದು ಒಳ್ಳೆಯದೇ, ಆದರೆ ಯಾತಕ್ಕೆ ಹೋಗುತ್ತೇವೆ ಎಂಬುದು ಸ್ಪಷ್ಟವಿರಲಿ. ಹುಡುಗಿಯಾಗಿ ‘ಸರಿಮಾಡುವ’ ಚಿಕಿತ್ಸೆ ಇಲ್ಲ. ಹಾಗೆ ಸರಿಮಾಡುತ್ತೇನೆ ಎನ್ನುವುದನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ವೃತ್ತಿ ದುರ್ನಡತೆ ಎಂದು ಹೇಳಿದೆ. ಮಾತ್ರೆಯೋ ಶಾಕೋ ಕೊಟ್ಟು ಬದಲಿಸುವ ಭರವಸೆ ಯಾರಾದರೂ ಕೊಟ್ಟರೆ ಎದ್ದು ಬನ್ನಿ. ನಿದ್ರೆ ಇಲ್ಲದಿರುವುದು, ಊಟ ಬಿಡುವುದು, ಬದುಕು ಸಾಕೆನ್ನುವ ಮಾತು ಇವುಗಳಿಗೆ ಮಾತ್ರ ಖಂಡಿತ ಚಿಕಿತ್ಸೆ ಇದೆ, ತಡ ಮಾಡಬೇಡಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿಮನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಕೇರಳದ ದಿಶಾ ಸಹಾಯವಾಣಿ 1056.

ನಿಮ್ಮ ಎರಡನೇ ಹೆದರಿಕೆಗೆ ಉತ್ತರ ಇಲ್ಲಿದೆ. ಹಿಂದಕ್ಕೆ ಬರಬಹುದಾದದ್ದನ್ನೂ ಬರಲಾಗದ್ದನ್ನೂ ಬೇರೆ ಮಾಡಿ. ಹೆಸರು, ಸರ್ವನಾಮ, ಕೂದಲು, ಅಂಗಿ ಇವನ್ನು ನಾಳೆಯೇ ಬೇಕಾದರೂ ಬದಲಿಸಬಹುದು. ಮುಂದೆ ಅವನ ತಿಳಿವಳಿಕೆ ಬೇರೆಯಾದರೂ, ಕೆಲವರಿಗೆ ಹಾಗಾಗುವುದುಂಟು, ನೀವು ‘ಅವನು’ ಎಂದದ್ದರಿಂದ ನಷ್ಟವೇನೂ ಇಲ್ಲ. ಟೆಸ್ಟೊಸ್ಟಿರೋನ್ ಹಾರ್ಮೋನು ಹಾಗಲ್ಲ. ಮುಟ್ಟು ಸಾಮಾನ್ಯವಾಗಿ ಆರು ತಿಂಗಳೊಳಗೆ ನಿಲ್ಲುತ್ತದೆ, ಔಷಧ ಬಿಟ್ಟರೆ ಮರಳಬಹುದು. ಆದರೆ ಒಡೆದು ದಪ್ಪಗಾದ ಸ್ವರ ಮತ್ತೆ ಮೊದಲಿನಂತಾಗುವುದಿಲ್ಲ. ಆದ್ದರಿಂದ ಅದಕ್ಕೆ ಮೊದಲು ಮನೋವೈದ್ಯರ ಅಥವಾ ಮನಶ್ಶಾಸ್ತ್ರಜ್ಞರ ಜತೆ ಮಾತು, ಆಮೇಲೆ ಹಾರ್ಮೋನು ತಜ್ಞರು, ಮುಂದೆ ಮಕ್ಕಳಾಗುವ ಬಗ್ಗೆಯೂ ಅಲ್ಲೇ ವಿಚಾರ. ಗೆಳೆಯರಿಂದಲೋ ಜಿಮ್ಮಿನವರಿಂದಲೋ ಇಂಜೆಕ್ಷನ್ ತರಿಸಿಕೊಳ್ಳುವುದು ಅಪಾಯ. ಈ ಹಾರ್ಮೋನು ರಕ್ತದ ಕೆಂಪುಕಣಗಳನ್ನು ಹೆಚ್ಚಿಸಿ ರಕ್ತ ದಪ್ಪಗಾಗುವಂತೆ ಮಾಡಬಲ್ಲದು, ಮೊದಲ ವರ್ಷ ಸುಮಾರು ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ ಬೇಕು. ಮನೆಯಲ್ಲಿ ಬಾಗಿಲು ಮುಚ್ಚಿದಾಗಲೇ ಮಕ್ಕಳು ಈ ಕಳ್ಳದಾರಿ ಹಿಡಿಯುವುದು.

ಎದೆಗೆ ಸುತ್ತುವ ಕ್ರೇಪ್ ಬ್ಯಾಂಡೇಜನ್ನು ಇವತ್ತೇ ಬಿಡಿಸಿ. ಬೈದಲ್ಲ, ಬದಲಿ ಕೊಟ್ಟು. ಆ ಬ್ಯಾಂಡೇಜು ಉಸಿರೆಳೆದಂತೆ ಸಡಿಲವಾಗದು, ದಿನದಲ್ಲಿ ಇನ್ನಷ್ಟು ಬಿಗಿಯುತ್ತದೆ, ಪಕ್ಕೆಲುಬು ನೋಯುತ್ತದೆ, ನಮ್ಮ ಕರಾವಳಿಯ ಬೆವರಿಗೆ ಕೆಳಗೆ ಚರ್ಮ ಹುಣ್ಣಾಗುತ್ತದೆ. ಅಂಟುಪಟ್ಟಿಯೂ ಬೇಡ. ಅಳತೆಗೆ ಸರಿಯಾದ ಬೈಂಡರ್ (ಎದೆ ಚಪ್ಪಟೆಯಾಗಿ ಕಾಣಲೆಂದೇ ಹೊಲಿದ ಒಳಅಂಗಿ) ಅಥವಾ ಬಿಗಿಯಾದ ಸ್ಪೋರ್ಟ್ಸ್ ಒಳಅಂಗಿ ಇರಲಿ. ಎಂಟು ಗಂಟೆಗಿಂತ ಹೆಚ್ಚು ಹೊತ್ತು ಬೇಡ, ಮಲಗುವಾಗ ಮತ್ತು ಆಟ, ತೋಟದ ಕೆಲಸದ ಹೊತ್ತಿಗೆ ತೆಗೆಯಬೇಕು. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಕೂಡಲೇ ತೆಗೆಯಬೇಕು.

ದಾಖಲೆಗಳಿಗೆ ಅವಸರವಿಲ್ಲ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ 2019ರ ಕಾಯ್ದೆಯಲ್ಲಿ ಜಿಲ್ಲಾಧಿಕಾರಿಗಳಿಂದ ಗುರುತಿನ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಬಂತು. ಇಂಥ ನಿಯಮಗಳಿಗೆ ತಿದ್ದುಪಡಿಗಳಾಗುವುದರಿಂದ ಅರ್ಜಿ ಹಾಕುವ ಸಮಯಕ್ಕೆ ವಿದ್ಯಾನಗರದ ಸಿವಿಲ್ ಸ್ಟೇಷನ್ನಿನಲ್ಲಿ ಸಾಮಾಜಿಕ ನ್ಯಾಯ ಇಲಾಖೆಯವರನ್ನು ಕೇಳಿ, ಆಗಿನ ಕ್ರಮದಂತೆ ಹೋಗಿ. ಅವನು ವಯಸ್ಕ, ಅರ್ಜಿ ಅವನದ್ದೇ. ನೀವು ಜತೆಗೆ ಹೋಗಬಹುದು.

ನಿಮ್ಮ ತರಗತಿಯ ಹುಡುಗ. ಅವನು ಟ್ರಾನ್ಸೋ ಗೇಯೋ ಎಂದು ಯೋಚಿಸಲೇ ಹೋಗಬೇಡಿ, ಮೆದು ಸ್ವಭಾವ ಅಂದರೆ ಮೆದು ಸ್ವಭಾವ ಅಷ್ಟೇ. ಪ್ರತ್ಯೇಕ ಕರೆದು ಅದನ್ನು ಕೇಳಲೂಬೇಡಿ. ‘ಒಂಬತ್ತು’, ‘ಚಕ್ಕ’, ‘ಶಿಖಂಡಿ’ ನಮ್ಮ ಕಡೆ ಕೇಳುತ್ತಿರುವವು. ಮಲಯಾಳದಿಂದ ‘ಚಾಂದುಪೊಟ್ಟು’ ಕೂಡ ಬಂದಿದೆ, ಹಣೆಗಿಡುವ ಬೊಟ್ಟಿನ ಹೆಸರು ಬೈಗುಳವಾಗಿ. ಕೇಳಿದ ಕ್ಷಣದಲ್ಲೇ, ಸ್ವರ ಏರಿಸದೆ, ‘ಆ ಪದ ಈ ಕೋಣೆಯಲ್ಲಿ ಬೇಡ. ಅವನಿಗೆ ಹೆಸರುಂಟು’ ಎಂದು ಪಾಠ ಮುಂದುವರಿಸಿ. ಕೇಳಿಸದವರಂತೆ ಇದ್ದರೆ ಅಧ್ಯಾಪಕಿಯೂ ಒಪ್ಪಿದ್ದಾರೆ ಎಂದು ಮಕ್ಕಳು ತಿಳಿಯುತ್ತಾರೆ. ಅಲ್ಲೇ ಇಪ್ಪತ್ತು ನಿಮಿಷ ಉಪದೇಶ ಕೊಟ್ಟರೆ ಎಲ್ಲರ ಕಣ್ಣೂ ಆ ಹುಡುಗನ ಮೇಲೆಯೇ ನೆಡುತ್ತದೆ, ಬಿಡುವಿನಲ್ಲಿ ಕಾಟ ದುಪ್ಪಟ್ಟಾಗುತ್ತದೆ. ಹಾಜರಿಯನ್ನು ನಂಬರಿನಿಂದ ಕೂಗುವ ಕ್ರಮವಿದ್ದರೆ ಹೆಸರಿನಿಂದ ಕೂಗಿ. ಒಂಬತ್ತನೇ ನಂಬರಿನ ಮಗು ದಿನವೂ ನಗೆಗೀಡಾಗುವುದು ಅದರಿಂದಲೇ ತಪ್ಪುತ್ತದೆ.

ಒಂದೆರಡು ವಾರ ಬಿಟ್ಟು, ಯಾರನ್ನೂ ಗುರಿ ಮಾಡದೆ, ಲಿಂಗಗಳ ಪಾಠ ಮಾಡಿ. ನಿಮ್ಮ ವಿಷಯದಲ್ಲೇ ಅದಕ್ಕೆ ಜಾಗವಿದೆ. ‘ಮಗು ಅಳುತ್ತದೆ’ ಎನ್ನುತ್ತೇವೆ, ಮಗು ವಸ್ತುವೇ? ‘ಸೂರ್ಯ ಮೂಡಿದನು’ ಎಂದೂ ಹೇಳುತ್ತೇವೆ, ‘ಮೂಡಿತು’ ಎಂದೂ ಹೇಳುತ್ತೇವೆ. ವ್ಯಾಕರಣದ ಲಿಂಗ ಪದಕ್ಕೆ ಸೇರಿದ್ದು, ಮನುಷ್ಯರಿಗಲ್ಲ. ಮನೆಮಾತು ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಹವ್ಯಕ ಯಾವುದೇ ಇರಲಿ, ‘ಬಂದ, ಬಂದಳು, ಬಂದರು’ ಎಂಬುದನ್ನು ಅವರವರ ಭಾಷೆಯಲ್ಲಿ ಹಲಗೆಯ ಮೇಲೆ ಬರೆಸಿ. ಎಂಟನೇ ತರಗತಿಯ ಮಕ್ಕಳಿಗೆ ಉಳಿದದ್ದನ್ನು ಅರ್ಥಮಾಡಿಕೊಳ್ಳುವ ಬುದ್ಧಿ ಇದೆ.

ಕೊನೆಗೆ ಆಮಂತ್ರಣ. ಹೊಸ ಹೆಸರು ಹಾಕಿಸಿದರೆ ಅವನಿಗೆ ಸಂತೋಷವಾಗಬಹುದು, ಆದರೆ ಕಾಗದ ತಲುಪಿದ ಅಷ್ಟೂ ಮನೆಗಳಿಗೆ ವಿಷಯ ಗೊತ್ತಾಗುತ್ತದೆ. ಅದಕ್ಕೆ ಅವನು ಸಿದ್ಧನಿರಬೇಕು. ಸಿದ್ಧನಿಲ್ಲದವನ ಗುಟ್ಟನ್ನು ಪ್ರೀತಿಯಿಂದ ಬಿಚ್ಚಿದರೂ ಅದು ದ್ರೋಹವೇ. ಹಳೆಯ ಹೆಸರು ಅಚ್ಚಾದರೆ, ಹೇಳಿದ್ದನ್ನು ಮನೆಯವರು ಕೇಳಿಸಿಕೊಳ್ಳಲೇ ಇಲ್ಲ ಎಂದಾಗುತ್ತದೆ. ಮೂರನೆಯದು, ಮಕ್ಕಳ ಹೆಸರುಗಳನ್ನೇ ಬಿಟ್ಟು ‘ಆಗಮನಾಭಿಲಾಷಿಗಳು’ ಎಂಬಲ್ಲಿ ಹಿರಿಯರ ಹೆಸರಿನ ಜತೆ ‘ಮತ್ತು ಮನೆಯವರು’ ಎಂದು ಹಾಕಿಸುವುದು. ಎಲ್ಲ ಮೊಮ್ಮಕ್ಕಳ ಹೆಸರನ್ನೂ ಬಿಡಬೇಕು, ಅವನದ್ದೊಂದನ್ನೇ ಬಿಟ್ಟರೆ ಶಿಕ್ಷೆಯಾಗುತ್ತದೆ. ಹೆಸರು ಹಾಕುವುದೇ ಆದರೆ ಅದಕ್ಕೆ ಮೊದಲು ‘ಚಿ.’ ಸಾಕು, ಅದರಲ್ಲಿ ಲಿಂಗವಿಲ್ಲ. ‘ಕು.’ ಎಂದರೂ ಕುಮಾರನೂ ಹೌದು, ಕುಮಾರಿಯೂ ಹೌದು. ಮುದ್ರಣಾಲಯದಿಂದ ಕರಡು ಬಂದಾಗ ಅಣ್ಣನಿಗೆ ತೋರಿಸುವ ಮೊದಲು ಅವನ ಕೈಗೆ ಕೊಟ್ಟು, ಯಾವುದು ಬೇಕೆಂದು ಕೇಳಿ. ಯೋಚಿಸಲು ಎರಡು ದಿನ ಬಿಡಿ.